ಕತ್ತಲಲ್ಲಿ ಗುಡ್ಡಗಳ ಸಂದಿಯಲ್ಲಿ ಹಾರುವ ಮಗ: ದಾವಣಗೆರೆಯ ತಂದೆಯೊಬ್ಬರ ಪತ್ರಕ್ಕೆ ಉತ್ತರ

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮಗ ವಾಯುಪಡೆಯಲ್ಲಿ ಸಾಗಣೆ ವಿಮಾನದ ಪೈಲಟ್. ಯಲಹಂಕದಲ್ಲಿ ತರಬೇತಿ ಮುಗಿಸಿ ಕೆಲವು ವರ್ಷ ಎಎನ್-32 ಹಾರಿಸಿದ, ಈಗ ಸಿ-130ಜೆ ವಿಮಾನಕ್ಕೆ ಹೋಗಿದ್ದಾನೆ. ಫೈಟರ್ ಸಿಗಲಿಲ್ಲವೆಂದು ಅವನು ಬೇಸರಪಟ್ಟಾಗ ನಾನೂ ನನ್ನ ಹೆಂಡತಿಯೂ ಒಳಗೊಳಗೇ ಸಮಾಧಾನಪಟ್ಟಿದ್ದೆವು. ಸರಕು ಸಾಗಿಸುವ ವಿಮಾನವೆಂದರೆ ಆಕಾಶದಲ್ಲಿ ಬಸ್ಸು ಓಡಿಸಿದಂತೆ ಎಂದು ನಮ್ಮ ಲೆಕ್ಕ. ಯುಗಾದಿಗೆ ಬಂದಿದ್ದಾಗ ಊಟಕ್ಕೆ ಕುಳಿತು, "ಈಗ ರಾತ್ರಿ ದೀಪ ಆರಿಸಿಕೊಂಡು ಗುಡ್ಡಗಳ ಸಂದಿಯಲ್ಲಿ ತಗ್ಗಾಗಿ ಹೋಗುವ ಅಭ್ಯಾಸ ನಡೆಯುತ್ತಿದೆ" ಎಂದ. ಅಂದಿನಿಂದ ನನ್ನ ಹೆಂಡತಿಗೆ ನಿದ್ದೆಯಿಲ್ಲ. 2014ರಲ್ಲಿ ಗ್ವಾಲಿಯರ್ ಬಳಿ ಇದೇ ವಿಮಾನ ಬಿದ್ದು ಐವರು ತೀರಿಕೊಂಡರೆಂದು ನನ್ನ ಭಾಮೈದ ಮೊಬೈಲಿನಲ್ಲಿ ತೋರಿಸಿದ. ಇಂಥ ವಿಮಾನ ರೇಡಾರಿಗೆ ಕಾಣುವುದೇ ಇಲ್ಲ, ಹಾಗಾಗಿ ಎಲ್ಲಿ ಹೋಯಿತೆಂದು ಅವರಿಗೇ ಗೊತ್ತಾಗುವುದಿಲ್ಲ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಎಲ್ಲವನ್ನೂ ಕಂಪ್ಯೂಟರ್ ಮಾಡುತ್ತದೆ, ಪೈಲಟ್ ಸುಮ್ಮನೆ ಕುಳಿತಿರುತ್ತಾನೆ ಎಂದು ಇನ್ನೊಬ್ಬರು. ಅಷ್ಟು ದೊಡ್ಡ ವಿಮಾನವನ್ನು ಕತ್ತಲಲ್ಲಿ ಅಷ್ಟು ಕೆಳಗೆ ಏಕೆ ಹಾರಿಸಬೇಕು? ಬೇರೆ ವಿಮಾನಕ್ಕೋ ಕಚೇರಿ ಕೆಲಸಕ್ಕೋ ಹೋಗಲು ಕೇಳಿಕೊಳ್ಳೆಂದು ನಾವು ಅವನಿಗೆ ಹೇಳಬಹುದೇ? ಅವನ ಕಣ್ಣಿಗೆ ಒಳ್ಳೆಯದೆಂದು ಇವಳು ಕ್ಯಾರೆಟ್ ರಸ ಕುಡಿಯಲು ಫೋನಿನಲ್ಲಿ ದಿನವೂ ನೆನಪಿಸುತ್ತಾಳೆ. ಅದರಿಂದ ಪ್ರಯೋಜನ ಇದೆಯೇ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ನನ್ನ ತಾಯಿ. ನಾನು ಇಪ್ಪತ್ತಮೂರು ವರ್ಷ ವಾಯುಪಡೆಯ ಸಾಗಣೆ ವಿಮಾನಗಳಲ್ಲಿ ನ್ಯಾವಿಗೇಟರ್, ಅಂದರೆ ದಾರಿಯ ಲೆಕ್ಕ ಹಾಕಿ ಹೇಳುವವನು, ಆಗಿದ್ದವನು. ಕೊನೆಯ ಕೆಲವು ವರ್ಷ ಹಾರಾಟ ಸುರಕ್ಷತೆಯ ಕೆಲಸ ನೋಡಿದೆ. ಅಷ್ಟೂ ಕಾಲ ನಮ್ಮ ಚಿತ್ರದುರ್ಗದ ಮನೆಯಲ್ಲಿ ರಾತ್ರಿ ಆಕಾಶದಲ್ಲಿ ಸದ್ದಾದರೆ ಅಮ್ಮ ಎದ್ದು ಬಾಗಿಲು ತೆಗೆದು ಅಂಗಳದಲ್ಲಿ ನಿಲ್ಲುತ್ತಿದ್ದರು. ನಾನು ಇರುವುದು ಎರಡು ಸಾವಿರ ಕಿಲೋಮೀಟರ್ ಆಚೆ ಎಂದು ಅವರಿಗೆ ಗೊತ್ತಿತ್ತು. ಆದರೂ ಏಳುತ್ತಿದ್ದರು. ಆದ್ದರಿಂದ ನಿಮ್ಮ ಮನೆಯವರಿಗೆ "ಏನೂ ಆಗುವುದಿಲ್ಲ, ಮಲಗಿ" ಎಂದು ನಾನು ಹೇಳುವುದಿಲ್ಲ. ಈ ಕೆಲಸದಲ್ಲಿ ಅಪಾಯ ಇದೆ. ಆದರೆ ನೀವು ಹೆದರುತ್ತಿರುವ ಜಾಗದಲ್ಲಿ ಅದು ಇಲ್ಲ. ಎಲ್ಲಿದೆ ಎಂದು ತಿಳಿದರೆ ಮಗನೊಂದಿಗೆ ಏನು ಮಾತನಾಡಬೇಕು, ಏನನ್ನು ಬಿಡಬೇಕು ಎಂಬುದು ನಿಮಗೇ ಸ್ಪಷ್ಟವಾಗುತ್ತದೆ.

ಬಸ್ಸಿನ ಹೋಲಿಕೆಯನ್ನು ಮೊದಲು ಬಿಟ್ಟುಬಿಡಿ. ಸಿ-130 ವಂಶದ ವಿಮಾನ ಮೊದಲು ಹಾರಿದ್ದು 1954ರಲ್ಲಿ. ಮಣ್ಣಿನ ಮೇಲೆ, ಗಿಡ್ಡ ಓಡುದಾರಿಯಲ್ಲಿ ಇಳಿದು ಏಳಬೇಕೆಂದೇ ಅದನ್ನು ರೂಪಿಸಿದರು. ಈಗಿನ ಜೆ ಮಾದರಿ 1996ರದು: ನಾಲ್ಕು ಟರ್ಬೊಪ್ರಾಪ್ ಎಂಜಿನ್, ಒಂದೊಂದರಲ್ಲೂ ಆರು ಅಲಗಿನ ಪ್ರೊಪೆಲ್ಲರ್. ಭಾರತ 2008ರಲ್ಲಿ ಮೊದಲ ಆರು ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. ಮೊದಲನೆಯದು 2011ರ ಫೆಬ್ರವರಿಯಲ್ಲಿ ಹಿಂಡನ್ ನೆಲೆಗೆ ಬಂತು. ನಾವು ಅದನ್ನು ಕೊಂಡದ್ದೇ ವಿಶೇಷ ಕಾರ್ಯಾಚರಣೆಗಾಗಿ, ಅಂದರೆ ಹೇಳದೆ ಹೋಗಿ, ಇಳಿಸಬೇಕಾದವರನ್ನು ಇಳಿಸಿ, ಕರೆತರಬೇಕಾದವರನ್ನು ಕರೆತರುವ ಕೆಲಸಕ್ಕಾಗಿ. 2013ರ ಆಗಸ್ಟ್ 20ರಂದು ಅದು ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ, 16,614 ಅಡಿ ಎತ್ತರದಲ್ಲಿ ಇಳಿಯಿತು. 2024ರ ಜನವರಿಯಲ್ಲಿ ಬೆಟ್ಟಗಳ ಮರೆಯಲ್ಲೇ ಸಾಗಿ ಕಾರ್ಗಿಲ್ ಓಡುದಾರಿಯಲ್ಲಿ ಮೊದಲ ಬಾರಿಗೆ ರಾತ್ರಿ ಇಳಿಯಿತು. ನಿಮ್ಮ ಮಗ ಸೇರಿರುವುದು ಈ ಪರಂಪರೆಗೆ.

ಏಕೆ ರಾತ್ರಿ, ಏಕೆ ತಗ್ಗಾಗಿ ಎಂದು ಕೇಳಿದ್ದೀರಿ. 2023ರ ಏಪ್ರಿಲ್ 27ರ ರಾತ್ರಿಯನ್ನು ನೆನೆಯಿರಿ. ಸುಡಾನಿನಲ್ಲಿ ಕಾಳಗ ನಡೆಯುತ್ತಿತ್ತು. ನಮ್ಮ ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಕುಟುಂಬಗಳೂ ಆ ದಿನಗಳಲ್ಲಿ ಅಲ್ಲಿ ಸಿಕ್ಕಿಬಿದ್ದಿದ್ದನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ರಾಜಧಾನಿ ಖಾರ್ತೂಮಿನ ಉತ್ತರಕ್ಕೆ ವಾದಿ ಸೈಯಿದ್ನಾ ಎಂಬಲ್ಲಿ ಒಂದು ಹಾಳುಬಿದ್ದ ಓಡುದಾರಿ. ಅಲ್ಲಿ ಇಳಿಯಲು ದಾರಿ ತೋರುವ ಉಪಕರಣವಿಲ್ಲ, ಇಂಧನವಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ದೀಪವಿಲ್ಲ. ನಮ್ಮ ಒಂದು ಸಿ-130ಜೆ ಅಲ್ಲಿಗೆ ಹೋಯಿತು. ಮೂಗಿನ ಕೆಳಗಿನ, ಶಾಖವನ್ನು ಚಿತ್ರವಾಗಿ ತೋರಿಸುವ ಅವಕೆಂಪು ಕ್ಯಾಮೆರಾದಿಂದ ಓಡುದಾರಿಯ ಮೇಲೆ ಅಡ್ಡಿ ಏನಾದರೂ ಇದೆಯೇ ಎಂದು ನೋಡಿಕೊಂಡು, ರಾತ್ರಿದೃಷ್ಟಿ ಕನ್ನಡಕ ಧರಿಸಿ ಇಳಿಯಿತು. ಎಂಜಿನ್ ಆರಿಸದೆ 121 ಜನರನ್ನು ಹತ್ತಿಸಿಕೊಂಡು ಎದ್ದಿತು. ಅವರಲ್ಲಿ ಒಬ್ಬ ಗರ್ಭಿಣಿಯೂ ಇದ್ದರು. ಹಗಲಲ್ಲಿ, ಎತ್ತರದಲ್ಲಿ, ದೀಪ ಹಾಕಿಕೊಂಡು ಹೋಗಿದ್ದರೆ ನೆಲದಲ್ಲಿ ಬಂದೂಕು ಹಿಡಿದು ನಿಂತವರಿಗೆಲ್ಲ ಅದು ಬರುವ ಸುದ್ದಿ ಮೊದಲೇ ತಲುಪುತ್ತಿತ್ತು. ನಿಮ್ಮ ಮಗ ಗುಡ್ಡಗಳ ಸಂದಿಯಲ್ಲಿ ಮಾಡುತ್ತಿರುವ ಅಭ್ಯಾಸ ಇಂಥ ಒಂದು ರಾತ್ರಿಗಾಗಿ.

ಇನ್ನು ರೇಡಾರಿನ ಮಾತು. ನಿಮ್ಮ ಪಕ್ಕದ ಮನೆಯವರು ಹೇಳಿದ್ದು ಅರ್ಧ ನಿಜ. ರೇಡಾರ್ ಅಲೆ ಬಹುಮಟ್ಟಿಗೆ ನೇರವಾಗಿ ಸಾಗುತ್ತದೆ, ಭೂಮಿ ಬಾಗಿದೆ. ಹತ್ತು ಮೀಟರ್ ಎತ್ತರದ ಕಂಬದ ಮೇಲಿರುವ ರೇಡಾರಿಗೆ 9,000 ಮೀಟರ್ ಎತ್ತರದಲ್ಲಿ ಬರುವ ವಿಮಾನ ಲೆಕ್ಕದ ಪ್ರಕಾರ 400 ಕಿ.ಮೀ. ದೂರದಿಂದಲೇ ಕಾಣಬಲ್ಲದು. ಅದೇ ವಿಮಾನ 75 ಮೀಟರಿಗೆ ಇಳಿದರೆ ಸಪಾಟು ಬಯಲಿನಲ್ಲಿಯೂ 50 ಕಿ.ಮೀ. ಒಳಗೆ ಬರುವವರೆಗೆ ಕಾಣುವುದಿಲ್ಲ. ನಡುವೆ ಗುಡ್ಡವಿದ್ದರೆ ಇನ್ನೂ ತಡ. ಕಂಡ ಮೇಲೆ ಎದುರಾಳಿಗೆ ಸಿಗುವುದು ಐದಾರು ನಿಮಿಷ. ವಿಮಾನ ಮಾಯವಾಗುವುದಿಲ್ಲ, ಎದುರಾಳಿಯ ಸಮಯ ಕಡಿಮೆಯಾಗುತ್ತದೆ, ಅಷ್ಟೇ. ಮೇಲಿನಿಂದ ಕೆಳಗೆ ನೋಡುವ, ವಿಮಾನದಲ್ಲಿ ಕೂರಿಸಿದ ರೇಡಾರ್ ಇದ್ದರೆ ಆ ಲಾಭವೂ ಬಹಳಷ್ಟು ಹೋಗುತ್ತದೆ.

ನಾನು ಕೋಟೆಯ ನೆರಳಿನಲ್ಲಿ ಬೆಳೆದವನಾದ್ದರಿಂದ ಕಿರಿಯರಿಗೆ ಪಾಠ ಹೇಳುವಾಗ ಕಿಂಡಿಯ ಮಾತು ಎತ್ತುತ್ತಿದ್ದೆ. ಏಳು ಸುತ್ತು ಗೋಡೆ ಕಟ್ಟಿದ ಕೋಟೆಗೂ ಬಂಡೆಗಳ ನಡುವೆ ಒಬ್ಬ ಮನುಷ್ಯ ತೆವಳಿ ಬರುವಷ್ಟು ಸಂದಿ ಉಳಿದಿತ್ತು. ಹೈದರನ ಸೈನಿಕರು ಹುಡುಕಿಕೊಂಡದ್ದು ಅದನ್ನೇ. ತಗ್ಗಿನ ಹಾರಾಟವೆಂದರೆ ರೇಡಾರ್ ಬೇಲಿಯಲ್ಲಿ ಅಂಥ ಕಿಂಡಿ ಹುಡುಕುವ ವಿದ್ಯೆ. ಆದರೆ ಕಿಂಡಿಯ ಬಾಯಲ್ಲಿ ಒಬ್ಬರು ಕಾದು ನಿಂತಿದ್ದರೆ ಏನಾಗುತ್ತದೆ ಎಂಬುದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ತಗ್ಗಾಗಿ ಹೋಗುವ ವಿಮಾನಕ್ಕೆ ಆ ಒನಕೆಯೆಂದರೆ ಹೆಗಲ ಮೇಲಿಟ್ಟು ಹಾರಿಸುವ, ಎಂಜಿನ್ ಶಾಖವನ್ನು ಹಿಂಬಾಲಿಸುವ ಪುಟ್ಟ ಕ್ಷಿಪಣಿ, ಇಲ್ಲವೇ ಸಾಮಾನ್ಯ ಮೆಷಿನ್ ಗನ್. ಅದಕ್ಕಾಗಿಯೇ ಕತ್ತಲೆ ಬೇಕು. ಅದಕ್ಕಾಗಿಯೇ ಈ ವಿಮಾನಗಳಲ್ಲಿ ಕ್ಷಿಪಣಿ ಬರುವುದನ್ನು ಗುರುತಿಸುವ ಸಂವೇದಕಗಳೂ ಅದನ್ನು ದಾರಿ ತಪ್ಪಿಸುವ ಉರಿಬತ್ತಿಗಳೂ ಇರುತ್ತವೆ.

ಎಲ್ಲಿ ಹೋಯಿತೆಂದು ನೆಲೆಗೇ ಗೊತ್ತಾಗುವುದಿಲ್ಲ ಎಂಬುದು ಮಾತ್ರ ತಪ್ಪು. ಅಭ್ಯಾಸದ ಪ್ರತಿ ತಿರುವಿಗೂ ನಿಮಿಷ ಸೆಕೆಂಡುಗಳ ಸಮೇತ ಪಟ್ಟಿ ಇರುತ್ತದೆ, ಅದರ ಪ್ರತಿ ನೆಲದ ಮೇಲೂ ಇರುತ್ತದೆ. ಆ ಹಾದಿಯಲ್ಲಿ ಬೇರೆ ವಿಮಾನಗಳು ಬರದಂತೆ ಮೊದಲೇ ಹೊಂದಿಸಿರುತ್ತಾರೆ.

"ದೀಪ ಆರಿಸಿಕೊಂಡು" ಎಂದು ಮಗ ಹೇಳಿದ ಒಂದೇ ಮಾತು ತಾಯಿಯ ಎದೆಯಲ್ಲಿ ನಾಟಿದೆ. ಅದರ ಅರ್ಥ ಕುರುಡಾಗಿ ಹೋಗುವುದಲ್ಲ. ಹೆಲ್ಮೆಟ್ಟಿಗೆ ಸಿಕ್ಕಿಸುವ ರಾತ್ರಿದೃಷ್ಟಿ ಕನ್ನಡಕ ನಕ್ಷತ್ರದ ಬೆಳಕನ್ನೂ ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಕಾಕ್‌ಪಿಟ್ಟಿನಲ್ಲಿ ಸಾಮಾನ್ಯ ಬಲ್ಬು ಉರಿದರೆ ಅದರ ಬೆಳಕೇ ಕನ್ನಡಕದ ತುಂಬ ಹರಡಿ ಹೊರಗಿನದು ಮುಚ್ಚಿಹೋಗುತ್ತದೆ. ಅದಕ್ಕೆ ಅಲ್ಲಿ ಬೇರೆ ಬಗೆಯ ಮಂದ ದೀಪಗಳು. ಹೊರಗೂ ಬರಿಗಣ್ಣಿಗೆ ಕಾಣದ, ಕನ್ನಡಕಕ್ಕೆ ಮಾತ್ರ ಕಾಣುವ ಅವಕೆಂಪು ದೀಪಗಳಿರುತ್ತವೆ, ಜೊತೆಯ ವಿಮಾನ ಅವುಗಳಿಂದಲೇ ಗುರುತು ಹಿಡಿಯುತ್ತದೆ. ನೆಲದ ಮೇಲೆ ನಿಂತವನಿಗೆ ಅದು ದೀಪವಿಲ್ಲದ ವಿಮಾನ, ಒಳಗಿರುವವನಿಗೆ ಹಸಿರು ಬೆಳುದಿಂಗಳು.

ಆದರೆ ಆ ಬೆಳುದಿಂಗಳು ಪೂರ್ತಿ ನಂಬತಕ್ಕದ್ದಲ್ಲ. ನಿಮಗೆ ಪರಿಚಯದ ಹಾದಿಯಲ್ಲೇ ಹೇಳುತ್ತೇನೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಒಂದು ಗಂಟೆ. ಗಂಟೆಗೆ 460 ಕಿ.ಮೀ. ವೇಗದ ವಿಮಾನಕ್ಕೆ ಎಂಟು ನಿಮಿಷ ಸಾಕು. ಒಂದು ಸೆಕೆಂಡಿಗೆ ಸುಮಾರು 130 ಮೀಟರ್. ಭರಮಸಾಗರ ದಾಟುವವರೆಗೆ ಹೊಲ, ತೋಟ, ಕೆರೆ. ಮುಂದೆ ಕಲ್ಲುಗುಡ್ಡಗಳು, ಅವುಗಳ ನೆತ್ತಿಯ ಮೇಲೆ ಸಾಲು ಗಾಳಿಯಂತ್ರಗಳು. ಬರಿಗಣ್ಣಿಗೆ ಆ ಗಾಳಿಯಂತ್ರಗಳ ಕೆಂಪು ದೀಪ ಚೆನ್ನಾಗಿಯೇ ಕಾಣುತ್ತದೆ. ಕನ್ನಡಕ ಹಾಕಿದವನಿಗೆ ಕೆಲವು ಬಗೆಯ ಕೆಂಪು ಎಲ್‌ಇಡಿ ದೀಪಗಳು ಕಾಣುವುದೇ ಇಲ್ಲ. ಕಾಕ್‌ಪಿಟ್ಟಿನ ಬೆಳಕು ಕಣ್ಣು ಕುಕ್ಕದಿರಲೆಂದು ಕನ್ನಡಕದಲ್ಲಿ ಇಟ್ಟ ಸೋಸು ಗಾಜು ಆ ಬಣ್ಣವನ್ನೂ ತಡೆದುಬಿಡುತ್ತದೆ. ಎಚ್ಚರಿಕೆಗೆಂದೇ ಹಚ್ಚಿದ ದೀಪ, ಅತಿ ಹೆಚ್ಚು ಎಚ್ಚರ ಬೇಕಾದವನಿಗೇ ಕಾಣದು. ನನ್ನ ಮನೆಯ ಮಾಳಿಗೆಯಿಂದ ಆ ದೀಪಗಳ ಸಾಲು ನೋಡುವಾಗಲೆಲ್ಲ ಈ ಮಾತು ನನ್ನನ್ನು ಕಾಡುತ್ತದೆ.

ವಿದ್ಯುತ್ ತಂತಿ ಕನ್ನಡಕದಲ್ಲಿ ಬಹುತೇಕ ಕಾಣುವುದಿಲ್ಲ. ತಂತಿಯನ್ನು ಹುಡುಕಬೇಡ, ಗೋಪುರಗಳನ್ನು ಹುಡುಕು, ಎರಡು ಗೋಪುರ ಕಂಡರೆ ನಡುವೆ ತಂತಿ ಇದ್ದೇ ಇದೆ ಎಂದುಕೋ ಎಂದು ಕಲಿಸುತ್ತಾರೆ. ಚಂದ್ರ ದಿಗಂತದ ಹತ್ತಿರವಿದ್ದಾಗ ಇನ್ನೊಂದು ಮೋಸ: ದೊಡ್ಡ ಗುಡ್ಡದ ಮುಂದೆ ಅದೇ ಬಣ್ಣದ ಚಿಕ್ಕ ಗುಡ್ಡವಿದ್ದರೆ ಎರಡೂ ಒಂದರೊಳಗೊಂದು ಕರಗಿ ಕಾಣುತ್ತವೆ. ಹಿಂದಿನದನ್ನು ನೋಡಿ ದೂರ ಅಂದಾಜು ಮಾಡುತ್ತೀರಿ, ಮುಂದಿನದು ಹತ್ತಿರ ಬಂದಿರುತ್ತದೆ. ಹಿರಿಯೂರಿನ ಬಳಿ ವಾಣಿ ವಿಲಾಸ ಸಾಗರದಂಥ ದೊಡ್ಡ ನೀರಿನ ಮೇಲೆ ಹೋದರೆ, ಅಲೆಯಿಲ್ಲದ ರಾತ್ರಿಯಲ್ಲಿ ನೀರು ಎಷ್ಟು ಕೆಳಗಿದೆ ಎಂಬ ಅಂದಾಜೇ ತಪ್ಪುತ್ತದೆ. ಕಣ್ಣು ಏನೇ ಹೇಳಲಿ, ಆಗ ನಂಬಬೇಕಾದದ್ದು ನೆಲಕ್ಕೆ ರೇಡಿಯೋ ಅಲೆ ಬಿಟ್ಟು ಎತ್ತರ ಅಳೆಯುವ ಉಪಕರಣವನ್ನು. ಮನುಷ್ಯನ ನೋಟ ಎರಡೂ ಪಕ್ಕ ಸೇರಿ ಸುಮಾರು 200 ಡಿಗ್ರಿ, ಕನ್ನಡಕದ್ದು 40 ಡಿಗ್ರಿ. ಆದ್ದರಿಂದ ತಲೆಯನ್ನು ನಿರಂತರವಾಗಿ ಆಚೀಚೆ ಹೊರಳಿಸುತ್ತಲೇ ಇರಬೇಕು. ಕನ್ನಡಕದ ಅರ್ಧ ಕಿಲೋ ಭಾರ ಹಣೆಯ ಮುಂದೆ ನೇತಾಡುತ್ತಿರುತ್ತದೆ. ಮಗ ಮನೆಗೆ ಬಂದಾಗ ಕುತ್ತಿಗೆ ನೋವು ಎಂದರೆ ಕಾರಣ ಇದೇ ಇರಬಹುದು.

ಎಲ್ಲಕ್ಕಿಂತ ಕಪಟದ್ದು ತೆಳು ಮೋಡ. ಕನ್ನಡಕದ ಮೂಲಕ ತೆಳು ಮೋಡ ಬಹಳ ಸಲ ಗೊತ್ತೇ ಆಗುವುದಿಲ್ಲ, ಅದರಾಚೆಯ ಗುಡ್ಡ ಇನ್ನೂ ಕಾಣುತ್ತಿರುತ್ತದೆ. ಸ್ವಲ್ಪ ಸ್ವಲ್ಪವೇ ಚಿತ್ರ ಮಸುಕಾಗಿ ಕಾಳುಕಾಳಾಗುತ್ತಾ ಬರುತ್ತದೆ. ಮೋಡದೊಳಗೆ ಬಂದಿದ್ದೇವೆ ಎಂದು ಅರಿವಾಗುವಾಗ ನಡುವೆಯೇ ಇರುತ್ತೀರಿ.

ಹಾಗಾದರೆ ಕಂಪ್ಯೂಟರ್? ಇದೇ ವಂಶದ, ಅಮೆರಿಕದವರ ಎಂಸಿ-130 ಸಾಲಿನ ವಿಮಾನಗಳಲ್ಲಿ ಅದಕ್ಕೆ ಹತ್ತಿರದ ವ್ಯವಸ್ಥೆ ಇದೆ. ಅದರ ರೇಡಾರ್ ಮುಂದಿನ ನೆಲದ ಏರಿಳಿತವನ್ನು ಓದಿ, ಈಗ ಏರು, ಈಗ ಇಳಿ ಎಂದು ಪೈಲಟ್‌ನ ಎದುರು ಗುರುತು ತೋರಿಸುತ್ತದೆ. ಎಂಸಿ-130ಎಚ್ ಕೆಟ್ಟ ಹವಾಮಾನದಲ್ಲಿಯೂ 250 ಅಡಿಯವರೆಗೆ ಇಳಿದು ಹೋಗಬಲ್ಲದಾಗಿತ್ತು. 1970ರ ನವೆಂಬರಿನಲ್ಲಿ ಉತ್ತರ ವಿಯೆಟ್ನಾಮಿನ ಸನ್ ತೇ ಸೆರೆಶಿಬಿರದ ದಾಳಿಗೆ ಇದೇ ಸಾಲಿನ ಹಿರಿಯ ವಿಮಾನ ಹೆಲಿಕಾಪ್ಟರುಗಳನ್ನು ಬೆನ್ನಿಗಿಟ್ಟುಕೊಂಡು ಕತ್ತಲಲ್ಲಿ ದಾರಿ ತೋರಿಸಿತು. ಹಾರಾಟ ಗುರಿ ಮುಟ್ಟಿತು, ಆದರೆ ಸೆರೆಯಾಳುಗಳನ್ನು ಅಲ್ಲಿಂದ ಮೊದಲೇ ಸ್ಥಳಾಂತರಿಸಿದ್ದರು. ಆ ರೇಡಾರಿಗೂ ಒಂದು ಬೆಲೆ ಇದೆ. ಅದು ಬಿಡುವ ಅಲೆಯನ್ನೇ ಎದುರಾಳಿ ಹಿಡಿಯಬಹುದು. ನಮ್ಮ ಸಿ-130ಜೆಯಲ್ಲಿರುವುದು ಆ ಬಗೆಯದಲ್ಲ. ನೆಲದ ನಕ್ಷೆಯನ್ನೂ ಹವಾಮಾನವನ್ನೂ ತೋರಿಸುವ ರೇಡಾರ್, ಅವಕೆಂಪು ಕ್ಯಾಮೆರಾ, ಇಬ್ಬರು ಪೈಲಟ್‌ಗಳ ಕಣ್ಣೆದುರಿನ ಗಾಜಿನ ಮೇಲೆ ವೇಗ ಎತ್ತರಗಳನ್ನು ಮೂಡಿಸುವ ಪರದೆ, ನಿಖರವಾದ ನಕ್ಷೆ. ಅಂದರೆ ನಿಮ್ಮ ಮಗ ಸುಮ್ಮನೆ ಕುಳಿತಿರುವುದಿಲ್ಲ. ಪ್ರತಿ ಸೆಕೆಂಡೂ ಹಾರಿಸುತ್ತಿರುತ್ತಾನೆ, ಪಕ್ಕದವನು ಪ್ರತಿ ಸೆಕೆಂಡೂ ಅವನನ್ನು ನೋಡುತ್ತಿರುತ್ತಾನೆ.

ಈಗ ನೀವು ಕೇಳಲು ಹೆದರಿದ ವಿಷಯ. ನಿಮ್ಮ ಭಾಮೈದ ತೋರಿಸಿದ ಗ್ವಾಲಿಯರ್ ಅಪಘಾತ 2014ರ ಮಾರ್ಚ್ 28ರದು. ಐವರೂ ತೀರಿಕೊಂಡದ್ದು ನಿಜ. ಆದರೆ ಅದು ರಾತ್ರಿಯಲ್ಲ, ಬೆಳಗಿನ ಹೊತ್ತು. ಆಗ್ರಾದಿಂದ ಎರಡು ವಿಮಾನ ಜೊತೆಯಾಗಿ ಹೊರಟಿದ್ದವು, ತಗ್ಗಾಗಿ ಹಾರುತ್ತಿದ್ದವು. ಹಿಂದಿನದು ಮುಂದಿನದರ ಗಾಳಿಸುಳಿಗೆ ಸಿಕ್ಕಿತು. ಹೆದ್ದಾರಿಯಲ್ಲಿ ಲಾರಿ ಹಾದುಹೋದ ಹಿಂದೆಯೇ ಸ್ಕೂಟರ್ ತೂರಾಡುವುದು ನಿಮಗೆ ಗೊತ್ತು. ವಿಮಾನದ ರೆಕ್ಕೆಯ ತುದಿಗಳಿಂದಲೂ ಅಂಥದೇ, ಅದಕ್ಕಿಂತ ಬಲವಾದ ಸುಳಿ ಹೊರಟು ನಿಧಾನವಾಗಿ ಕೆಳಗೆ ಇಳಿಯುತ್ತದೆ. ಎತ್ತರದಲ್ಲಿ ಅದರೊಳಗೆ ಹೊಕ್ಕರೆ ವಿಮಾನ ಹೊರಳುತ್ತದೆ, ಪೈಲಟ್ ಸರಿಪಡಿಸಿಕೊಳ್ಳುತ್ತಾನೆ. ನೆಲದ ಹತ್ತಿರ ಸರಿಪಡಿಸಿಕೊಳ್ಳಲು ಜಾಗವಿರುವುದಿಲ್ಲ.

ಇನ್ನೆರಡನ್ನು ನೋಡಿ. ಎರಡೂ ಇದೇ ಜೆ ಮಾದರಿ. 2012ರ ಮಾರ್ಚ್ 15ರಂದು ನಾರ್ವೆ ವಾಯುಪಡೆಯ ವಿಮಾನ ಸ್ವೀಡನ್ನಿನ ಕೆಬ್ನೆಕೈಸೆ ಬೆಟ್ಟಕ್ಕೆ ಬಡಿಯಿತು, ಐವರು ಸತ್ತರು. ಅದು ತಗ್ಗಿನ ಹಾರಾಟವೇ ಆಗಿರಲಿಲ್ಲ, ಹಗಲು, ಮೋಡದೊಳಗೆ ಸಾಮಾನ್ಯ ಪ್ರಯಾಣ. ನೆಲದ ನಿಯಂತ್ರಕರು 7,000 ಅಡಿಗೆ ಇಳಿಯಲು ಅನುಮತಿ ಕೊಟ್ಟರು. ಮುಂದಿದ್ದ ಬೆಟ್ಟದ ತುದಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಕೊಟ್ಟವರೂ ಗಮನಿಸಲಿಲ್ಲ, ಪಡೆದವರೂ ಗಮನಿಸಲಿಲ್ಲ. ಎರಡನೆಯದು 2015ರ ಅಕ್ಟೋಬರ್ 2ರಂದು, ಅಫ್ಘಾನಿಸ್ತಾನದ ಜಲಾಲಾಬಾದಿನಲ್ಲಿ ಅಮೆರಿಕದ ವಿಮಾನ. ಇದು ರಾತ್ರಿಯದೇ. ಎತ್ತರದ ಸರಕು ಇಳಿಸುವಾಗ ಬಾಲದ ಪಟ್ಟಿ ಅಡ್ಡ ಬರದೆ ಮೇಲೆದ್ದೇ ನಿಲ್ಲಲೆಂದು ಪೈಲಟ್ ಅದನ್ನು ಆಡಿಸುವ ಹಿಡಿಕೋಲಿನ ಮುಂದೆ ಒಂದು ಗಟ್ಟಿ ಡಬ್ಬಿ ಸಿಕ್ಕಿಸಿದ. ಅದು ರಾತ್ರಿದೃಷ್ಟಿ ಕನ್ನಡಕ ಇಡುವ ಡಬ್ಬಿ. ತೆಗೆಯಲು ಮರೆತರು. ಕತ್ತಲ ಕಾಕ್‌ಪಿಟ್ಟಿನಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ವಿಮಾನ ಎದ್ದು ಮೂಗು ಮೇಲೆತ್ತುತ್ತಲೇ ಹೋಗಿ ಬಿತ್ತು. ನೆಲದ ಮೇಲಿದ್ದ ಮೂವರೂ ಸೇರಿ 14 ಜನ.

ಸುಳಿಗಾಳಿ, ಒಂದು ಅಂಕಿ, ಒಂದು ಡಬ್ಬಿ. ಕತ್ತಲಲ್ಲಿ ಗುಡ್ಡಕ್ಕೆ ಗುದ್ದಿದ ಕಥೆ ಈ ಮೂರರಲ್ಲಿ ಒಂದೂ ಅಲ್ಲ. ತಗ್ಗು ಮತ್ತು ಕತ್ತಲೆ ತಾವಾಗಿ ಕೊಂದದ್ದನ್ನು ನಾನು ಕಡತಗಳಲ್ಲಿ ಕಂಡದ್ದು ಅಪರೂಪ. ಅವು ಮಾಡುವುದು ಬೇರೆ: ಬೇರೆಡೆ ಕ್ಷಮೆ ಸಿಗುವ ಸಣ್ಣ ತಪ್ಪಿಗೆ ಇಲ್ಲಿ ಕ್ಷಮೆ ಇಲ್ಲದಂತೆ ಮಾಡುತ್ತವೆ. ಆದ್ದರಿಂದ ಕೇಳಬೇಕಾದದ್ದು ಗುಡ್ಡ ಎಷ್ಟು ಹತ್ತಿರ ಎಂದಲ್ಲ. ಸಣ್ಣ ತಪ್ಪನ್ನು ಹಿಡಿಯುವವರು ಯಾರು, ಹಿಡಿದಾಗ ಏನು ಮಾಡುತ್ತಾರೆ ಎಂದು.

ಅದಕ್ಕೆ ಉತ್ತರ ಒಂದು ಅಂಕಿಯಲ್ಲಿದೆ. ಹಾದಿಯ ಪ್ರತಿ ತುಂಡಿಗೂ ಆಚೀಚೆಯ ಅತ್ಯಂತ ಎತ್ತರದ ಗುಡ್ಡ, ಗೋಪುರಗಳನ್ನು ನೋಡಿ, ಮೇಲೆ ಒಂದಿಷ್ಟು ಸೇರಿಸಿ, "ಇಷ್ಟಕ್ಕೆ ಏರಿದರೆ ಏನೂ ಕಾಣದಿದ್ದರೂ ಯಾವುದಕ್ಕೂ ತಾಗುವುದಿಲ್ಲ" ಎಂಬ ಎತ್ತರವನ್ನು ಹೊರಡುವ ಮೊದಲೇ ಲೆಕ್ಕ ಹಾಕಿ ಬರೆದಿಡುತ್ತಾರೆ. ತೊಡೆಯ ಮೇಲೆ ಕಟ್ಟಿಕೊಂಡ ಹಾಳೆಯಲ್ಲಿ ಅದು ದೊಡ್ಡಕ್ಷರದಲ್ಲಿ ಇರುತ್ತದೆ. ಕನ್ನಡಕ ಕೈಕೊಟ್ಟಿತೇ, ಮೋಡ ಬಂತೇ, ಇಬ್ಬರಲ್ಲಿ ಒಬ್ಬನಿಗೆ ಎಲ್ಲಿದ್ದೇವೆ ಎಂಬ ಸಂಶಯ ಬಂತೇ? ಚರ್ಚೆಯಿಲ್ಲ, ಏರು. ಕಾರಣ ಮೇಲೆ ಹೋದ ಮೇಲೆ ಮಾತನಾಡಿದರಾಯಿತು. ಈ ಮಾತು ಹೇಳುವ ಹಕ್ಕು ವಿಮಾನದಲ್ಲಿ ಅತಿ ಕಿರಿಯನಿಗೂ ಇದೆ. ಅದನ್ನು ಪ್ರಶ್ನಿಸುವ ಹಕ್ಕು ಆ ಗಳಿಗೆಯಲ್ಲಿ ಅತಿ ಹಿರಿಯನಿಗೂ ಇಲ್ಲ.

ಒಂದು ರಾತ್ರಿ ಎಎನ್-32ರಲ್ಲಿ ಉತ್ತರದ ಕಣಿವೆಯೊಂದರಲ್ಲಿ ಅಭ್ಯಾಸಕ್ಕೆ ಹೋಗಿದ್ದೆವು. ಕೊನೆಯ ತಿರುವಿಗೆ ಎರಡು ನಿಮಿಷ ಇರುವಾಗ ನನ್ನ ಗಡಿಯಾರಕ್ಕೂ ಹೊರಗೆ ಕಂಡ ಹೊಳೆಯ ತಿರುವಿಗೂ ತಾಳೆಯಾಗಲಿಲ್ಲ. ವ್ಯತ್ಯಾಸ ಹತ್ತು ಹನ್ನೆರಡು ಸೆಕೆಂಡು. ನನ್ನ ಲೆಕ್ಕವೇ ತಪ್ಪಿರಬಹುದು, ಇನ್ನೆರಡು ನಿಮಿಷ ನೋಡೋಣ ಎಂದು ಒಂದು ಮನಸ್ಸು ಹೇಳಿತು. ಹೊರಡುವ ಮುನ್ನ ಹಿರಿಯರೆಲ್ಲರ ಎದುರು ನಾನೇ ಆ ಹಾದಿಯನ್ನು ವಿವರಿಸಿದ್ದೆ, ಅದೂ ಮನಸ್ಸಿನಲ್ಲಿತ್ತು. "ಏರಿ" ಎಂದು ಬಾಯಿಂದ ಹೊರಟಾಗ ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ನಾಯಕರು ಏಕೆ ಎಂದು ಕೇಳಲಿಲ್ಲ. ಎಂಜಿನ್‌ಗಳ ಸದ್ದು ಬದಲಾಯಿತು, ಏರಿದೆವು, ಅಭ್ಯಾಸ ಅರ್ಧಕ್ಕೇ ಬಿಟ್ಟು ಮರಳಿದೆವು. ಮುನ್ಸೂಚನೆಗಿಂತ ಬಲವಾದ ಎದುರುಗಾಳಿ ಇತ್ತು ಎಂದು ಆಮೇಲೆ ತಿಳಿಯಿತು. ನನ್ನ ಲೆಕ್ಕದಂತೆ ತಿರುಗಿದ್ದರೆ ಒಂದು ಕಿಲೋಮೀಟರಿಗೂ ಮುಂಚೆ ತಿರುಗುತ್ತಿದ್ದೆವು. ಆ ಜಾಗದಲ್ಲಿ ಕಣಿವೆ ಇರಲಿಲ್ಲ. ಮರುದಿನ ಬೆಳಗ್ಗೆ ನಾಯಕರು ಚಹಾದ ಲೋಟ ನನ್ನ ಮುಂದಿಟ್ಟು, "ನಿನ್ನೆ ಎರಡು ನಿಮಿಷ ಕಾಯದ್ದಕ್ಕೆ" ಎಂದಷ್ಟೇ ಹೇಳಿದರು.

ನಿಮ್ಮ ಮುಖ್ಯ ಪ್ರಶ್ನೆಗೆ ಈಗ ಬರುತ್ತೇನೆ. ಬೇರೆ ಕೆಲಸ ಕೇಳಿಕೊಳ್ಳೆಂದು ಹೇಳಬಹುದೇ? ಹೇಳಬಹುದು, ನೀವು ತಂದೆ. ವೈದ್ಯಕೀಯ ಕಾರಣಕ್ಕೋ ಮನೆಯ ಕಾರಣಕ್ಕೋ ಮನವಿ ಮಾಡುವ ದಾರಿ ಸೇವೆಯಲ್ಲಿದೆ. ಆದರೆ ಅವನಿಗೆ ಇಷ್ಟವಿಲ್ಲದೆ, ನಿಮ್ಮ ಕಣ್ಣೀರಿಗೆ ಮಣಿದು ಮನವಿ ಮಾಡಿದರೆ, ಅದು ಒಪ್ಪಿಗೆಯಾಗುವವರೆಗಿನ ತಿಂಗಳುಗಳಲ್ಲಿ ಅವನು ಅದೇ ಹಾರಾಟವನ್ನು ಅರ್ಧ ಮನಸ್ಸಿನಲ್ಲಿ ಮಾಡುತ್ತಾನೆ. ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಆ ತಿಂಗಳುಗಳೇ. ಬೇರೆ ವಿಮಾನದಲ್ಲಿ ಅಪಾಯವಿಲ್ಲ ಎಂದೂ ತಿಳಿಯಬೇಡಿ. 2019ರ ಜೂನ್ 3ರಂದು ಅರುಣಾಚಲದ ಬೆಟ್ಟಗಳಲ್ಲಿ 13 ಜನರನ್ನು ಕಳೆದುಕೊಂಡದ್ದು ಎಎನ್-32, ಅದೂ ಹಗಲಿನ ಮಾಮೂಲಿ ಪ್ರಯಾಣದಲ್ಲಿ. ಅವನಿಗೇ ಒಳಗೆ ಬೇಡವೆನ್ನಿಸಿದ್ದರೆ ಮಾತು ಬೇರೆ. ಆಗ ನಾಚಿಕೆಪಡದೆ ತನ್ನ ಹಿರಿಯ ಅಧಿಕಾರಿಗೆ ಹೇಳುವಂತೆ ನೀವೇ ಧೈರ್ಯ ತುಂಬಬೇಕು. ಈ ಕೆಲಸ ಬೇಡವೆಂದವನನ್ನು ಕಾಕ್‌ಪಿಟ್ಟಿನಲ್ಲಿ ಕೂರಿಸುವುದು ಯಾರಿಗೂ ಒಳ್ಳೆಯದಲ್ಲ.

ಏನೂ ಕೇಳದೆ ಮೌನವಾಗಿರುವುದು ಇನ್ನೊಂದು ದಾರಿ. ನನ್ನ ತಂದೆ ಹಾಗೆಯೇ ಇದ್ದರು. ಅದರ ನಷ್ಟ ನನಗೆ ಗೊತ್ತು: ಮಗನೂ ಏನೂ ಹೇಳುವುದಿಲ್ಲ, ದಣಿದಿದ್ದೇನೆ ಎಂಬುದನ್ನೂ ಹೇಳುವುದಿಲ್ಲ.

ನೀವು ನನ್ನ ಅಣ್ಣನಾಗಿದ್ದರೆ ನಾನು ಹೇಳುತ್ತಿದ್ದುದು ಇಷ್ಟು. ರಾತ್ರಿ ಹಾರಾಟದ ವಾರಗಳಲ್ಲಿ ಅವನಿಗೆ ಬೆಳಗ್ಗೆ ಎಂಟಕ್ಕೆ, ಹತ್ತಕ್ಕೆ ಫೋನ್ ಮಾಡಬೇಡಿ. ಅದು ಅವನ ಮಧ್ಯರಾತ್ರಿ. ಕರೆ ಮಾಡುವ ಹೊತ್ತನ್ನು ಅವನೇ ಆರಿಸಲಿ. ಮನೆಯ ಜಗಳ, ಸಾಲ, ಸಂಬಂಧಿಕರ ಕಾಯಿಲೆಯ ಸುದ್ದಿಯನ್ನು ಹಾರಾಟಕ್ಕೆ ಹೊರಡುವ ಸಂಜೆ ಹೇಳಬೇಡಿ, ಮರುದಿನ ಹೇಳಿ. ಮುಚ್ಚಿಡುವುದೂ ಬೇಡ, ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಪ್ರತಿ ಸಂಜೆಯೂ ಇನ್ನೇನನ್ನು ಮುಚ್ಚಿಟ್ಟಿರಬಹುದು ಎಂದು ಯೋಚಿಸುತ್ತಾನೆ. ಯಾವ ರಾತ್ರಿ, ಯಾವ ಊರು, ಎಷ್ಟು ಎತ್ತರ ಎಂದು ಕೇಳಬೇಡಿ. ಅವನು ಬಾಯಿತಪ್ಪಿ ಹೇಳಿದ್ದನ್ನು ಸಂಬಂಧಿಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಕಿಂಡಿಯ ಬಾಯಲ್ಲಿ ಕಾಯುವವರಿಗೆ ಸುದ್ದಿ ಹೋಗುವುದು ಎಷ್ಟೋ ಸಲ ಹೆಮ್ಮೆಪಟ್ಟ ಮನೆಯಿಂದಲೇ.

ಒಂದು ಪ್ರಶ್ನೆಯನ್ನು ಮಾತ್ರ ಧಾರಾಳವಾಗಿ ಕೇಳಿ: "ಈ ತಿಂಗಳು ಅರ್ಧಕ್ಕೆ ಬಿಟ್ಟು ವಾಪಸ್ ಬಂದಿದ್ದು ಇದೆಯೇನಪ್ಪಾ?" ಇದೆ ಎಂದರೆ ಸಂತೋಷಪಡಿ, ಅವನಿಗೆ ಕೇಳುವಂತೆ ಸಂತೋಷಪಡಿ. ನೀವು ಮೇಷ್ಟ್ರು. ತರಗತಿಯಲ್ಲಿ "ನನಗೆ ಅರ್ಥವಾಗಲಿಲ್ಲ ಸಾರ್" ಎಂದು ಕೈಯೆತ್ತಿದ ಹುಡುಗನನ್ನು ನೀವು ಎಂದೂ ಗದರಿರಲಾರಿರಿ. ಮಗ ಆ ಬಗೆಯ ಹುಡುಗನಾಗಿ ಉಳಿಯುವಂತೆ ನೋಡಿಕೊಳ್ಳುವುದು ದಾವಣಗೆರೆಯಲ್ಲಿ ಕುಳಿತೇ ನಿಮ್ಮ ಕೈಯಲ್ಲಾಗುವ ಕೆಲಸ.

ಇನ್ನು ಕ್ಯಾರೆಟ್ ರಸ. ಎ ಜೀವಸತ್ವದ ಕೊರತೆಯಿಂದ ಇರುಳುಗುರುಡು ಬರುವುದು ನಿಜ. ಆದರೆ ಕೊರತೆಯಿಲ್ಲದವನಿಗೆ ಹೆಚ್ಚು ಕುಡಿಸಿದರೆ ಕಣ್ಣು ಹೆಚ್ಚು ಚುರುಕಾಗುವುದಿಲ್ಲ. ಕ್ಯಾರೆಟ್ ತಿಂದ ಪೈಲಟ್‌ಗಳಿಗೆ ಕತ್ತಲಲ್ಲಿ ಕಾಣುತ್ತದೆ ಎಂಬ ಸುದ್ದಿಯನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಹಬ್ಬಿಸಿದರು, ಅದು ಇಂದಿಗೂ ಅಡುಗೆಮನೆಗಳಲ್ಲಿ ಉಳಿದಿದೆ. ರಸ ಕುಡಿದರೆ ತೊಂದರೆಯಿಲ್ಲ, ಅದಕ್ಕಾಗಿ ದಿನಾ ಫೋನ್ ಮಾಡುವುದು ಬೇಡ. ಅವನ ಕಣ್ಣಿಗೆ ಬೇಕಾದದ್ದು ಹಗಲಿನಲ್ಲಿ ದಪ್ಪ ಪರದೆ ಎಳೆದ ಕೋಣೆಯಲ್ಲಿ ಏಳೆಂಟು ಗಂಟೆ ನಿದ್ದೆ. ತಾಯಿಯ ಕೈಯಿಂದ ಏನಾದರೂ ಹೋಗಲೇಬೇಕೆಂದಿದ್ದರೆ ಒಗ್ಗರಣೆ ಹಾಕಿದ ಮಂಡಕ್ಕಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಕಳುಹಿಸಲಿ. ರಾತ್ರಿ ಎರಡು ಗಂಟೆಗೆ ಇಳಿದು, ಹಾರಾಟದ ವಿವರ ಬರೆದುಕೊಡುವಾಗ ಹಗುರವಾದ ಏನಾದರೂ ಬಾಯಾಡಲು ಬೇಕೆನ್ನಿಸುತ್ತದೆ. ಡಬ್ಬಿ ತುಸು ದೊಡ್ಡದೇ ಇರಲಿ, ಆ ಹೊತ್ತಿನಲ್ಲಿ ಮೇಜಿನ ಸುತ್ತ ಐದಾರು ಜನ ಇರುತ್ತಾರೆ.